ಪುಟ್ಟರಸಿಯ ಮೊದಲ ಅಪ್ಪಣೆ

"ಬಾಯಿ ದೊಡ್ಡದಾಗಿ ತೆಗಿ. ಇನ್ನೂ ದೊಡ್ಡದು. ಹಾಂ, ಹಾಗೇ ಇರು," ಎಂದರು ಹಲ್ಲಿನ ಡಾಕ್ಟರು.

ಪುಟ್ಟರಸಿ ಕಣ್ಣು ಮುಚ್ಚಿ ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದಳು. ಡಾಕ್ಟರು ಇಕ್ಕಳದಲ್ಲಿ ಹಲ್ಲು ಹಿಡಿದು ಎಳೆದರು. ಹಲ್ಲು ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಬುಗುರಿಯ ಹಾಗೆ ಒಂದು ಸುತ್ತೂ ಬಂತು. ಕಿತ್ತು ಮಾತ್ರ ಬರಲಿಲ್ಲ. ಡಾಕ್ಟರು ಒಂದು ಕಾಲನ್ನು ಕುರ್ಚಿಗೆ ಒತ್ತಿಕೊಂಡು ಮತ್ತೊಮ್ಮೆ ಎಳೆದರು. ಇಕ್ಕಳ ಜಾರಿತು. ಅವರು ಹಿಂದೆ ಹಿಂದೆ ಹೋಗಿ ಹತ್ತಿಯ ಡಬ್ಬದ ಮೇಲೆ ಕೂತುಬಿಟ್ಟರು.

"ಎಂಥೆಂಥ ಹಲ್ಲು ಕಿತ್ತಿದೀನಿ ನಾನು," ಎಂದರು ಅಲ್ಲಿಂದಲೇ. "ಕೂದಲೆಳೆಯಲ್ಲಿ ನೇತಾಡ್ತಿರೋ ಹಲ್ಲು ಹೀಗೆ ಹಟ ಮಾಡಿದ್ದು ನೋಡೇ ಇಲ್ಲ. ಒಸಡಿನೊಳಗಿಂದ ಹೊಸ ಹಲ್ಲು ತಳ್ತಾ ಇದೆ. ತುಂಬಾ ನೋಯುತ್ತಾ?"

"ಊಂ," ಎಂದಳು ಪುಟ್ಟರಸಿ. ಬಾಯಿ ಇನ್ನೂ ತೆರೆದೇ ಇತ್ತು.

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಅಜ್ಜಿ ಎದ್ದು ಹೆಲ್ಮೆಟ್ ಹಾಕಿಕೊಂಡಳು. "ಬಾ ಕೂಸೇ. ಉಪ್ಪುನೀರು ಮುಕ್ಕಳಿಸು. ನಾಳೆ ನೋಡೋಣ."

ಅಜ್ಜಿ ಆ ರಾಜ್ಯದ ರಾಜಮಾತೆ. ಆದರೂ ಸ್ಕೂಟರ್ ಅವಳೇ ಓಡಿಸಬೇಕಿತ್ತು. ಅಂಗೈಯಗಲದ ರಾಜ್ಯ ಅದು. ಒಂದು ಬೀದಿ, ಒಂದು ಸ್ಕೂಲು, ಒಂದು ಹಿಟ್ಟಿನ ಗಿರಣಿ, ಒಂದು ಹಲ್ಲಿನ ಆಸ್ಪತ್ರೆ, ಬೀದಿಯ ಕೊನೆಗೆ ಒಂದು ಅರಮನೆ. ಅರಮನೆಯ ಮಾಳಿಗೆ ಮಳೆಗಾಲದಲ್ಲಿ ಸೋರುತ್ತಿತ್ತು. ಆಗ ರಾಜನೇ ಏಣಿ ಹತ್ತಿ ಡಾಂಬರು ಮೆತ್ತುತ್ತಿದ್ದ. ರಾಜ ಎಂದರೆ ಪುಟ್ಟರಸಿಯ ಅಪ್ಪ.

ಸ್ಕೂಟರ್ ಅರಮನೆಯ ಹಿತ್ತಿಲ ಗೇಟು ದಾಟುತ್ತಿದ್ದಂತೆ ಆ ಸದ್ದು ಕೇಳಿಸಿತು. ಗರಗರ, ಗರಗರ. ಯಾರೋ ಒಣಗಿದ ತೊಗಲನ್ನು ತಿಕ್ಕುತ್ತಿರುವಂಥ ಸದ್ದು. ಪುಟ್ಟರಸಿ ಅಜ್ಜಿಯ ಬೆನ್ನಿಗೆ ಮುಖ ಒತ್ತಿ ಕಿವಿ ಮುಚ್ಚಿಕೊಂಡಳು.

ಅದು ಅವಳ ಮರದ ಸದ್ದು.

*

ಆ ಅರಸುಮನೆಯಲ್ಲಿ ಒಂದು ವಾಡಿಕೆ ಇತ್ತು. ಮನೆಯ ಮಗುವಿಗೆ ಹತ್ತು ತುಂಬಿದ ದಿನ ಅದು ಅಂಗಳದಲ್ಲಿ ನಿಂತು ಒಂದು ಅಪ್ಪಣೆ ಕೊಡಬಹುದು. ಅದಕ್ಕೆ ಮೊದಲ ಅಪ್ಪಣೆ ಎಂದು ಹೆಸರು. ಆ ಮಾತಿಗೆ ಬಲ ಇರುತ್ತಿತ್ತು. ಬಲ ಎಲ್ಲಿಂದ ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಹೇಳಿದ್ದು ಆಗುತ್ತಿತ್ತು, ಅಷ್ಟೆ. ಒಮ್ಮೆ ಹೇಳಿದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ಪುಟ್ಟರಸಿಗೆ ಹತ್ತು ತುಂಬುವ ಮುಂಚೆ ಸ್ಕೂಲಿನಲ್ಲಿ ಎಲ್ಲರೂ ಅವಳ ಬೆನ್ನು ಬಿದ್ದಿದ್ದರು. ಪಕ್ಕದ ಡೆಸ್ಕಿನಲ್ಲಿ ಕೂರುವ, ಎಲ್ಲರೂ ಪಟಾಕಿ ಎಂದು ಕರೆಯುವ ಹುಡುಗಿಯಂತೂ ದಿನಾ ಒಂದೊಂದು ಹೇಳುತ್ತಿದ್ದಳು. ಒಂದು ದಿನ, "ಲೆಕ್ಕದ ಪೀರಿಯಡ್ ಇರಬಾರದು ಅಂತ ಹೇಳೇ." ಮರುದಿನ, "ಬೇಡ ಬೇಡ, ಐಸ್‌ಕ್ರೀಮ್ ಕರಗಬಾರದು ಅನ್ನು."

ಪುಟ್ಟರಸಿಯ ಮನಸ್ಸಿನಲ್ಲಿ ಬೇರೆಯೇ ಇತ್ತು. ಹಿತ್ತಿಲ ಕೊನೆಯಲ್ಲಿ, ರಾಜ್ಯದ ಗಡಿಗೆ ಅಂಟಿಕೊಂಡು ಒಂದು ದೊಡ್ಡ ಮರವಿತ್ತು. ಅದರ ಬುಡದಲ್ಲೇ ಅವಳು ಅಂಬೆಗಾಲಿಟ್ಟದ್ದು, ಅದರ ಕೆಳಗಿನ ಕೊಂಬೆಯಲ್ಲೇ ಉಯ್ಯಾಲೆ. ಚಳಿ ಮುಗಿಯುವ ಹೊತ್ತಿಗೆ ಪ್ರತಿವರ್ಷ ಅದರ ಎಲೆಯೆಲ್ಲ ಉದುರಿ, ಮರ ಬರೀ ಕಡ್ಡಿಯಾಗಿ ನಿಲ್ಲುತ್ತಿತ್ತು. ಅದನ್ನು ನೋಡುವಾಗೆಲ್ಲ ಅವಳಿಗೆ, ಪಾಪ, ಇರುವುದನ್ನೆಲ್ಲ ಕಳೆದುಕೊಂಡು ನಿಂತಿದೆ ಅನ್ನಿಸುತ್ತಿತ್ತು.

ಹಾಗಾಗಿ ಹುಟ್ಟುಹಬ್ಬದ ದಿನ ಅವಳು ಅಂಗಳದಲ್ಲಿ ನಿಂತು, ಮರದ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು: "ಮರವೇ, ನಿನ್ನದು ಯಾವುದೂ ನಿನ್ನಿಂದ ಉದುರಬಾರದು."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಪ್ಪ ಅವಳನ್ನು ಎತ್ತಿಕೊಂಡ. ಮಾರನೆಯ ದಿನ ಟೀಚರ್ ತರಗತಿಯ ಗೋಡೆಗೆ ದೊಡ್ಡ ಚಿತ್ರವೊಂದನ್ನು ಅಂಟಿಸಿದರು. ಕಿರೀಟ ಇಟ್ಟುಕೊಂಡ ಹುಡುಗಿ ಮರವನ್ನು ತಬ್ಬಿಕೊಂಡಿದ್ದಳು. ಕೆಳಗೆ ಹಸಿರು ಅಕ್ಷರದಲ್ಲಿ, 'ಮರ ಕಾಯುವ ರಾಜಕುಮಾರಿ'.

ಮರ ಮಾತು ಕೇಳಿತು. ಬೇರೆ ಮರಗಳೆಲ್ಲ ಎಲೆ ಉದುರಿಸಿದವು, ಇದು ಉದುರಿಸಲಿಲ್ಲ. ಬೇರೆ ಮರಗಳೆಲ್ಲ ಚಿಗುರಿ, ಹಸಿರಾಗಿ, ಹಕ್ಕಿಗಳನ್ನು ಕರೆದುಕೊಂಡವು. ಇದು ಒಣಗಿದ ಕಂದು ಎಲೆಗಳನ್ನು ಹೊತ್ತು ಗರಗರ ಎನ್ನುತ್ತ ನಿಂತಿತು. ಹಗಲೂ ರಾತ್ರಿಯೂ ಅದೇ ಸದ್ದು, ಊಟಕ್ಕೆ ಕೂತಾಗಲೂ ಅದೇ ಸದ್ದು. ಈಚೆಗೆ ಪುಟ್ಟರಸಿ ಹಿತ್ತಿಲ ಕಡೆ ಹೋಗುವುದನ್ನೇ ಬಿಟ್ಟಿದ್ದಳು.

*

ಸಂಜೆ ಅಜ್ಜಿ ಅವಳ ಜಡೆ ಬಿಚ್ಚಿ ಬಾಚಲು ಕೂತಳು. ಬಾಚುವಾಗ ಅಜ್ಜಿ ಪದ್ಯ ಹೇಳುವಳು. ಮನೆತನದ ಪದ್ಯ ಅದು, ಒಬ್ಬೊಬ್ಬ ಅರಸನಿಗೆ ಒಂದೊಂದು ಸಾಲು. ಬಾಚಣಿಗೆ ಇಳಿಯುವ ಲಯಕ್ಕೆ ಪದ್ಯವೂ ಇಳಿಯುತ್ತಿತ್ತು.

"ಹೊಳೆಯ ತನಕ ಹಬ್ಬಿದವನು, ಬೆಟ್ಟದ ತನಕ ಬೆಳೆದವನು,
ಗೇಣು ನೆಲವ ಬಿಡದೆ ಹಿಡಿದು ಮಗನ ಕೈಗೆ ಕೊಟ್ಟವನು..."

ಕೊನೆಯ ಸಾಲು ತಾತನದು. ಅದನ್ನು ಹೇಳುವಾಗ ಅಜ್ಜಿಯ ದನಿ ಯಾವಾಗಲೂ ಮೆತ್ತಗಾಗುತ್ತಿತ್ತು. ಈ ಸಲ ಮಾತ್ರ ಅದು ನಡುವೆಯೇ ನಿಂತುಹೋಯಿತು.

"ಕೂಸೇ, ಈ ಬಾಚಣಿಗೆ ನೋಡು."

"ಏನಾಯ್ತಜ್ಜಿ?"

"ಏನೂ ಆಗಿಲ್ಲ, ಅದೇ ಆಗಿರೋದು. ಒಂದು ಕೂದಲೂ ಬಂದಿಲ್ಲ. ಎಷ್ಟೋ ದಿನದಿಂದ ಬಂದಿಲ್ಲ. ನಾನು, ನನ್ನ ಎಣ್ಣೆ ಎಷ್ಟು ಒಳ್ಳೇದು ಅಂತ ಬೀಗ್ತಾ ಇದ್ದೆ." ಅಜ್ಜಿ ಅವಳ ಗಲ್ಲ ಹಿಡಿದು ತಿರುಗಿಸಿ ಬಾಯೊಳಗೆ ನೋಡಿದಳು. "ಹಲ್ಲು ಬೀಳ್ತಿಲ್ಲ, ಕೂದಲು ಉದುರ್ತಿಲ್ಲ. ಅವತ್ತು ನೀನು ಮರಕ್ಕೆ ಏನಂದೆ?"

"ನಿನ್ನದು ಯಾವುದೂ ನಿನ್ನಿಂದ ಉದುರಬಾರದು ಅಂದೆ."

"ಅದೇ. ನಿನಗೆ ಇದನ್ನ ಮೊದಲೇ ಹೇಳಬೇಕಿತ್ತು ನಾನು. ಕೊಟ್ಟ ಅಪ್ಪಣೆ ಮೊದಲು ಕೊಟ್ಟವರನ್ನೇ ಹಿಡಿಯುತ್ತೆ. ನಿಮ್ಮಪ್ಪ ಹತ್ತು ತುಂಬಿದ ದಿನ, ನನ್ನೆದುರು ಯಾರೂ ಸುಳ್ಳು ಹೇಳಬಾರದು ಅಂದ. ಅವತ್ತಿಂದ ಅವನ ಬಾಯಲ್ಲೇ ಸುಳ್ಳು ನಿಂತುಹೋಯ್ತು. ಸಾರು ಹೇಗಿದೆ ಅಂತ ಅವನನ್ನ ಕೇಳಿ ಅಡುಗೆಯವರು ಎಷ್ಟು ಜನ ಕೆಲಸ ಬಿಟ್ಟು ಹೋದರು ಗೊತ್ತಾ?"

ಪುಟ್ಟರಸಿ ನಗಲಿಲ್ಲ. ನಾಲಿಗೆಯಿಂದ ಹಲ್ಲನ್ನು ಮುಟ್ಟಿ ನೋಡಿದಳು. ಅದರ ಹಿಂದೆ ಹೊಸ ಹಲ್ಲು ದಾರಿ ಸಿಗದೆ ತಳ್ಳುತ್ತಿತ್ತು. ರಾತ್ರಿ ಮಲಗಿದರೂ ತಳ್ಳುತ್ತದೆ, ಅನ್ನ ಅಗಿದರೂ ತಳ್ಳುತ್ತದೆ. ನನಗೆ ಒಂದೇ ಹಲ್ಲಿಗೆ ಇಷ್ಟು ನೋವು, ಅಂದುಕೊಂಡಳು. ಆ ಮರಕ್ಕೆ ಎಷ್ಟು ಎಲೆ.

ಅವಳು ಎದ್ದು ನೇರ ಅಪ್ಪನ ಕೋಣೆಗೆ ಹೋದಳು. ಅಪ್ಪ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಹಳೆಯ ಬಕೆಟ್ಟಿಗೆ ಹಿಡಿ ಜೋಡಿಸುತ್ತಿದ್ದ.

"ಅಪ್ಪಾ, ನನ್ನ ಮರಕ್ಕೆ ನೋವಾಗ್ತಿದೆಯಾ?"

ಅಪ್ಪ ಬಕೆಟ್ ಕೆಳಗಿಟ್ಟ. ಬೇರೆ ಯಾವ ಅಪ್ಪನಾದರೂ 'ಇಲ್ಲ ಕಣೇ' ಎಂದುಬಿಡುತ್ತಿದ್ದ. ಈ ಅಪ್ಪನಿಗೆ ಅದು ಸಾಧ್ಯವಿರಲಿಲ್ಲ.

"ಹೌದು," ಎಂದ.

"ಸಾಯುತ್ತಾ?"

ಅಪ್ಪ ತುಟಿ ಕಚ್ಚಿದ. ಕಿಟಕಿಯ ಕಡೆ ನೋಡಿದ. ಆದರೂ ಮಾತು ಹೊರಗೆ ಬಂತು. "ಮಳೆ ಶುರುವಾದರೆ ಆ ಎಲೆಯೆಲ್ಲ ನೆನೆದು ಭಾರ ಆಗುತ್ತೆ. ಗಾಳಿ ಬೀಸಿದರೆ ಮರ ತಡೆಯಲ್ಲ. ಈಗಾಗ್ಲೇ ಒಂದು ಕೊಂಬೆ ಸೀಳಿದೆ. ನಿನಗೆ ಹೇಳೋಕೆ ಮನಸ್ಸು ಬರಲಿಲ್ಲ, ನೀನು ಕೇಳಲೂ ಇಲ್ಲ. ಹಾಗಾಗಿ ಬಚಾವಾಗಿದ್ದೆ."

*

ಮರುದಿನ ಸ್ಕೂಲಿನಲ್ಲಿ ಪುಟ್ಟರಸಿ ಗೋಡೆಯ ಚಿತ್ರದ ಕಡೆ ಕಣ್ಣೆತ್ತಲಿಲ್ಲ. ಪಟಾಕಿ ಅವಳನ್ನು ಬಿಡಬೇಕಲ್ಲ.

"ಏ, ನಿನ್ನ ಮರ ಯಾಕೆ ಹಳೇ ಪೊರಕೆ ಥರಾ ಆಗಿದೆ?"

"ನಾನೇ ಹಾಗೆ ಮಾಡಿದ್ದು."

ಪಟಾಕಿ ಜಗಳಕ್ಕೆ ತಯಾರಾಗಿ ಬಂದಿದ್ದಳು. ಈ ಉತ್ತರ ಕೇಳಿ ತನ್ನ ಹೊಸ ರಬ್ಬರನ್ನು ಅವಳ ಕಡೆ ಸರಿಸಿದಳು.

ಶಾಲೆ ಬಿಟ್ಟಾಗ ಆಕಾಶದ ಒಂದು ಮೂಲೆ ಕಪ್ಪಾಗಿತ್ತು. ಪುಟ್ಟರಸಿ ಚೀಲವನ್ನು ಮೆಟ್ಟಿಲ ಮೇಲೆ ಎಸೆದು ಹಿತ್ತಿಲಿಗೆ ಓಡಿದಳು. ಎಷ್ಟೋ ದಿನಗಳ ಮೇಲೆ ಮರದ ಬುಡಕ್ಕೆ ಬಂದಿದ್ದಳು. ಹತ್ತಿರದಿಂದ ನೋಡಿದರೆ ಪ್ರತಿ ಒಣಗಿದ ಎಲೆಯ ತೊಟ್ಟಿನ ಬಳಿಯೂ ಒಂದು ಸಣ್ಣ ಉಬ್ಬು. ಒಳಗೆ ಚಿಗುರು ಕೂತು ತಳ್ಳುತ್ತಿತ್ತು. ಕಾಂಡದ ಮೇಲೆ ಅಂಟು ಒಸರಿ ಗೆರೆಗೆರೆಯಾಗಿ ಒಣಗಿತ್ತು. ಅವಳು ಕಾಂಡಕ್ಕೆ ಕೆನ್ನೆ ಇಟ್ಟಳು. ಅವಳ ಕೆನ್ನೆಯೂ ಬಾತಿತ್ತು.

"ಏ ಮಗೂ, ನಿಮ್ಮ ಮರಕ್ಕೆ ಸ್ವಲ್ಪ ಬುದ್ಧಿ ಹೇಳಬಾರದಾ?"

ಮರದ ಆ ಬದಿಗೆ ಸುಣ್ಣ ಬಳಿದ ಗಡಿಕಲ್ಲುಗಳ ಸಾಲು. ಅದರಾಚೆ ಪಕ್ಕದ ರಾಜ್ಯ. ಅಲ್ಲಿನ ಕಾವಲುಗಾರ ಒಂದು ಸ್ಟೂಲಿನ ಮೇಲೆ ಕೂತು ಕಾಲುಚೀಲ ಹೆಣೆಯುತ್ತಿದ್ದ. ಬಂದೂಕಿಗಿಂತ ಸೂಜಿ ಹಿಡಿದೇ ಅವನಿಗೆ ಹೆಚ್ಚು ಅಭ್ಯಾಸ.

"ಯಾಕೆ? ಏನು ಮಾಡಿದೆ ಅದು?" ಪುಟ್ಟರಸಿ ಕೇಳಿದಳು.

"ಏನು ಮಾಡಿದೆ ಅಂತೆ. ಈ ಕೊಂಬೆ ನೋಡು, ನಮ್ಮ ಕಡೆಗೆ ಚಾಚಿ ಕಸವೆಲ್ಲ ಇಲ್ಲೇ ಸುರಿದಿದೆ. ಗುಡಿಸಿ ಗುಡಿಸಿ ನನ್ನ ಸೊಂಟ ಹೋಯ್ತು. ಸಂಬಳ ಕೊಡೋದು ಗಡಿ ಕಾಯೋಕೆ, ಎಲೆ ಗುಡಿಸೋಕಲ್ಲ."

ಪುಟ್ಟರಸಿ ಕಾಂಡ ಸುತ್ತಿ ಬಂದು ತಲೆ ಎತ್ತಿದಳು. ಗಡಿಯಾಚೆಗೆ ಚಾಚಿದ ಒಂದೇ ಒಂದು ದೊಡ್ಡ ಕೊಂಬೆ. ಕಲ್ಲಿನ ಸಾಲಿನವರೆಗೆ ಅದು ಕಂದು. ಕಲ್ಲು ದಾಟಿದ ಮೇಲೆ ಒಂದೂ ಹಳೆಯ ಎಲೆಯಿರಲಿಲ್ಲ. ಅಲ್ಲಿ ನಸುಗೆಂಪು ಚಿಗುರು ಅರಳಿ, ಎರಡು ಹಕ್ಕಿಗಳು ಜಗಳವಾಡುತ್ತಿದ್ದವು.

"ನಾನು ಆ ಕಡೆ ಬರಲಾ?"

"ಏನು ಕೆಲಸದ ಮೇಲೆ?" ಎಂದ ಕಾವಲುಗಾರ, ಕರ್ತವ್ಯ ನೆನಪಾಗಿ.

"ಎಲೆ ನೋಡೋಕೆ."

"ಬಾ. ಹೋಗುವಾಗ ಒಂದಿಷ್ಟು ತಗೊಂಡೂ ಹೋಗು."

ಅವಳು ಕಲ್ಲು ದಾಟಿದಳು. ಒಂದು ಎಲೆ ಎತ್ತಿಕೊಳ್ಳಲು ಬಗ್ಗಿದಳು. ಬಾಯೊಳಗೆ 'ಟಕ್' ಎಂದಿತು. ಹಲ್ಲು ತುಟಿ ದಾಟಿ ಎಲೆಯ ಮೇಲೆ ಬಿತ್ತು.

"ನೋಡಿದ್ಯಾ," ಎಂದ ಕಾವಲುಗಾರ ಸೂಜಿ ನಿಲ್ಲಿಸಿ. "ನಿಮ್ಮ ಕಡೆಯವರು ಏನು ಬೀಳಿಸಬೇಕಾದರೂ ಇಲ್ಲಿಗೇ ಬರ್ತೀರಿ."

ಪುಟ್ಟರಸಿಗೆ ನಗು ಬಂತು, ಅಳುವೂ ಬಂತು. ನೋವೆಲ್ಲ ಬಿಸಿಲಿಗಿಟ್ಟ ಮಂಜುಗಡ್ಡೆಯ ಹಾಗೆ ಕರಗುತ್ತಿತ್ತು. ನಾಲಿಗೆ ಆ ಖಾಲಿ ಜಾಗಕ್ಕೆ ಹೋಗಿ ಹೋಗಿ ಬಂತು. ಅಪ್ಪಣೆ ಗಡಿಕಲ್ಲಿನವರೆಗೆ ಮಾತ್ರ. ಅದರಾಚೆಗೆ ಅವಳ ಮಾತು ಬರೀ ಮಾತು.

ಆಮೇಲೆ ಅವಳು ತಿರುಗಿ ನೋಡಿದಳು. ಗಾಳಿ ಎದ್ದಿತ್ತು. ಕಲ್ಲಿನ ಆ ಬದಿಯಲ್ಲಿ ಮರ ಗರಗರ ಎನ್ನುತ್ತ ವಾಲುತ್ತಿತ್ತು. ಅವಳಿಗಾದರೆ ಕಾಲಿತ್ತು, ದಾಟಿ ಬಂದಳು.

*

ಅಪ್ಪ ಏಣಿಯ ಮೇಲಿದ್ದ. ಕೆಳಗೆ ಅಜ್ಜಿ ಏಣಿ ಹಿಡಿದುಕೊಂಡಿದ್ದಳು. ಪುಟ್ಟರಸಿ ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದಳು. ಹಲ್ಲನ್ನೂ ತೋರಿಸಿದಳು.

"ಅದಕ್ಕೇ ನಿಮ್ಮಪ್ಪ ಗಡಿಯಾಚೆ ನಿಮ್ಮತ್ತೆ ಮನೆಗೆ ಹೋದರೆ ಅಡುಗೆ ಹೊಗಳ್ತಾನೆ," ಎಂದಳು ಅಜ್ಜಿ. "ನನಗೆ ಇಷ್ಟು ವರ್ಷ ಗೊತ್ತೇ ಆಗಲಿಲ್ಲ."

"ಅಜ್ಜಿ, ತಮಾಷೆ ಬೇಡ. ಅಪ್ಪಾ, ಗಡಿಕಲ್ಲು ಕಿತ್ತು ಮರದ ಈ ಕಡೆ ಇಡೋಣ. ಮರ ಆಚೆಗೆ ಹೋಗಿಬಿಡುತ್ತೆ."

ಅಜ್ಜಿಯ ನಗು ನಿಂತಿತು. "ಏನಂದೆ? ಗಡಿ ಸರಿಸೋದಾ? ಗೇಣು ನೆಲ ಬಿಡಲ್ಲ ಅಂತ ನಿಮ್ಮ ತಾತ ಕೊನೆ ಉಸಿರಿನಲ್ಲಿ ಮಾತು ತಗೊಂಡು ಹೋದರು. ಇರೋದೇ ಅಂಗೈಯಷ್ಟು. ನಾಳೆ ನಾನು ಪದ್ಯದಲ್ಲಿ ನಿಮ್ಮಪ್ಪನ ಸಾಲು ಏನಂತ ಹೇಳಲಿ? ನೆಲ ಕಳೆದವನು ಅಂತಲಾ?"

ಅಪ್ಪ ಏಣಿಯ ಮೇಲೇ ಕೂತ. ಕೈಯಲ್ಲಿ ಡಾಂಬರಿನ ಬ್ರಶ್ ಹಾಗೇ ಇತ್ತು. "ಅಜ್ಜಿ ಹೇಳೋದು ಸರಿ ಕಣೇ. ಈ ನೆಲ ನನ್ನದಲ್ಲ. ಇಟ್ಟುಕೊಂಡು, ಹಾಗೇ ದಾಟಿಸಬೇಕು."

"ಯಾರಿಗೆ ದಾಟಿಸಬೇಕು?"

"ನಿನಗೆ."

"ಹಾಗಾದರೆ ನನಗೆ ಅಷ್ಟು ಕಡಿಮೆ ಬರಲಿ," ಎಂದಳು ಪುಟ್ಟರಸಿ. "ನನಗೆ ಸಾಕು."

ದೂರದಲ್ಲಿ ಗುಡುಗು ಉರುಳಿತು. ಅಪ್ಪ ಮಗಳ ಮುಖ ನೋಡಿದ, ಅವಳ ಬಾಯಿಯ ಹೊಸ ಕಿಂಡಿ ನೋಡಿದ.

"ಅಮ್ಮಾ, ನನಗೂ ಆಸೆಯಿದೆ," ಎಂದ ನಿಧಾನಕ್ಕೆ. "ಆ ಪದ್ಯದಲ್ಲಿ ನನ್ನ ಸಾಲು ಚೆನ್ನಾಗಿರಲಿ ಅಂತ ತುಂಬಾ ಆಸೆಯಿದೆ. ಸುಳ್ಳು ಹೇಳೋಕಾಗಲ್ಲವಲ್ಲ. ಆದ್ರೆ ಆ ಮರ ಬಿದ್ದ ಮೇಲೆ ಎಂಥ ಸಾಲು ಹೇಳಿದರೂ ನನ್ನ ಕಿವಿಗೆ ಹೋಗಲ್ಲ."

ಅಜ್ಜಿ ಏಣಿ ಬಿಟ್ಟು ಒಳಗೆ ಹೋದಳು. ಸಿಟ್ಟು ಬಂತೇನೋ ಎಂದುಕೊಂಡಳು ಪುಟ್ಟರಸಿ. ಸ್ವಲ್ಪ ಹೊತ್ತಿಗೆ ಅಜ್ಜಿ ಹಾರೆ ಹೊತ್ತುಕೊಂಡು ಬಂದಳು. "ನಿಂತು ನೋಡ್ತೀರೇನು? ಮಳೆ ಬರೋಕೆ ಮುಂಚೆ ಆಗಬೇಕಲ್ಲ."

ಕಲ್ಲುಗಳು ತಲೆತಲಾಂತರದಿಂದ ಮಣ್ಣು ಕಚ್ಚಿ ಕೂತಿದ್ದವು. ಅಪ್ಪ ಹಾರೆ ಹಾಕಿ ಮೀಟಿದ. ಅಜ್ಜಿ ಮಣ್ಣು ಎಳೆದಳು. ಆಚೆಯ ಕಾವಲುಗಾರ ಹೆಣಿಗೆ ಬದಿಗಿಟ್ಟು ಎದ್ದು ಬಂದ.

"ಸ್ವಾಮೀ, ಇದೇನು? ಈ ಮರ ನಮಗೆ ಬೇಡ. ಒಂದು ಕೊಂಬೆಯದ್ದೇ ಗುಡಿಸಿ ಸಾಕಾಗಿದೆ."

"ನಿಮಗೆ ಕೊಡ್ತಿಲ್ಲ," ಎಂದ ಅಪ್ಪ. "ನಿಮ್ಮ ಗಡಿ ಎಲ್ಲಿದೆಯೋ ಅಲ್ಲೇ ಇರಲಿ. ನಮ್ಮದು ಮಾತ್ರ ಹಿಂದಕ್ಕೆ ಬರ್ತಿದೆ."

"ಮತ್ತೆ ನಡುವೆ ಇರೋದು ಯಾರದ್ದು?"

"ಯಾರದ್ದೂ ಅಲ್ಲ."

ಕಾವಲುಗಾರ ಸ್ವಲ್ಪ ಯೋಚಿಸಿದ. ಯಾರದ್ದೂ ಅಲ್ಲದ ಜಾಗವನ್ನು ಯಾರೂ ಗುಡಿಸಬೇಕಾಗಿಲ್ಲ ಎಂದು ಹೊಳೆದಿರಬೇಕು. ಅಂಗಿಯ ತೋಳು ಮಡಚಿ ಅವನೂ ಕಲ್ಲಿಗೆ ಕೈ ಹಾಕಿದ. "ನಮ್ಮ ಮೇಲಿನವರಿಗೆ ಹೇಳಬೇಡಿ," ಎಂದ.

ಮರವನ್ನು ಬಳಸಿಕೊಂಡು ಕಲ್ಲುಗಳು ಒಂದೊಂದಾಗಿ ಈಚೆಗೆ ಬಂದು ಕೂತವು. ಕೊನೆಯ ಕಲ್ಲನ್ನು ಕೂರಿಸಿ, ಅಪ್ಪ ಬೆವರು ಒರೆಸಿಕೊಂಡು ನೆಟ್ಟಗೆ ನಿಂತು ಹೇಳಿದ: "ಈ ಕಲ್ಲಿನಾಚೆಗೆ ನನ್ನದಲ್ಲ."

ಏನೂ ಆಗಲಿಲ್ಲ. ಮರ ಗರಗರ ಎನ್ನುತ್ತಲೇ ಇತ್ತು. ಮೊದಲ ಹನಿ ಪುಟ್ಟರಸಿಯ ಮೂಗಿನ ಮೇಲೆ ಬಿತ್ತು.

"ನಾನು ಹೇಳಿದರೆ ಸಾಲದು," ಎಂದ ಅಪ್ಪ. "ಮುಂದಕ್ಕೆ ಈ ನೆಲ ಬರೋದು ನಿನಗಲ್ಲವಾ."

ಪುಟ್ಟರಸಿ ಬಾಯಿ ತೆರೆದಳು. ಹುಟ್ಟಿದಾಗಿನಿಂದ ಅವಳು ಅದನ್ನು ನನ್ನ ಮರ ಎಂದೇ ಕರೆದವಳು. ಅಪ್ಪಣೆ ಕೊಟ್ಟ ದಿನ ಮಾತು ಎಷ್ಟು ಸಲೀಸಾಗಿ ಬಂದಿತ್ತು. ಈಗ ಒಂದೊಂದು ಅಕ್ಷರವೂ ಆ ಕಲ್ಲುಗಳಷ್ಟೇ ಭಾರ. ಅವಳು ಮರದ ತುದಿಯವರೆಗೆ ಒಮ್ಮೆ ನೋಡಿದಳು.

"ನನ್ನದೂ ಅಲ್ಲ," ಎಂದಳು.

ಸದ್ದು ನಿಂತಿತು. ಎಷ್ಟು ಥಟ್ಟನೆ ನಿಂತಿತೆಂದರೆ, ಎಲ್ಲರಿಗೂ ಕಿವಿ ಹಗುರಾದ ಹಾಗಾಯಿತು. ಮೇಲಿಂದ ಒಂದು ಎಲೆ ಕಳಚಿ, ಅತ್ತ ಇತ್ತ ತೂಗಿ ಬಂದು ನೆಲ ಮುಟ್ಟಿತು. ಇನ್ನೊಂದು ಬಂತು. ಆಮೇಲೆ ಇಡೀ ಮರ ಒಂದು ದೊಡ್ಡ ಉಸಿರು ಬಿಟ್ಟಂತೆ, ಎಲೆಗಳು ಸುರಿದವು. ಅಪ್ಪನ ತಲೆಯ ಮೇಲೆ, ಅಜ್ಜಿಯ ಸೆರಗಿನ ಮೇಲೆ, ಕಾವಲುಗಾರನ ಅರ್ಧ ಹೆಣೆದ ಕಾಲುಚೀಲದೊಳಗೆ. ಎಲ್ಲರೂ ಅಲುಗಾಡದೆ ನಿಂತಿದ್ದರು. ದೇವರ ಮುಂದೆ ನಿಂತಾಗಿನ ಹಾಗೆ ಅಜ್ಜಿಯ ಕೈಗಳು ತಾವಾಗಿ ಜೋಡಿಕೊಂಡಿದ್ದವು.

ಮಳೆ ಬಂದದ್ದು ಅದಾದ ಮೇಲೆ. ಬಿರುಸಾಗಿಯೇ ಬಂತು. ಅವರು ಸೋರುವ ಮಾಳಿಗೆಯ ಕೆಳಗೆ ನಿಂತು ನೋಡಿದರು. ಗಾಳಿ ಬರಿಯ ಕೊಂಬೆಗಳ ನಡುವೆ ನುಸುಳಿ ಆಚೆಗೆ ಹೋಯಿತು. ಮರ ಸ್ವಲ್ಪ ಬಾಗಿತು, ಮತ್ತೆ ನೆಟ್ಟಗಾಯಿತು.

ಆ ಸಂಜೆ ಬಾಚಣಿಗೆಯಲ್ಲಿ ಕೂದಲು ಬಂದಿರಲಿಲ್ಲ. ಅಜ್ಜಿ ಅದನ್ನು ತಿರುಗಿಸಿ ನೋಡಿ, "ಇರಲಿ ಬಿಡು. ವಾರಕ್ಕೊಮ್ಮೆ ಗಡಿಯಾಚೆ ಕೂತು ತಲೆ ಬಾಚಿದರಾಯ್ತು. ಉಗುರು, ಹಲ್ಲು ಎಲ್ಲಾ ಅಲ್ಲೇ," ಎಂದಳು. ಆಮೇಲೆ ಪದ್ಯ ಹೇಳಿದಳು. ತಾತನ ಸಾಲು ಮುಗಿಯಿತು.

"ಅಪ್ಪಂದು?" ಪುಟ್ಟರಸಿ ಕೇಳಿದಳು.

"ತಡಿ, ಇನ್ನೂ ಪದ ಸಿಕ್ಕಿಲ್ಲ," ಎಂದಳು ಅಜ್ಜಿ. "ಹುಡುಕ್ತಾ ಇದೀನಿ."

*

ಕೆಲವು ದಿನ ಜ್ವರ, ಮಳೆ ಎಂದು ಪುಟ್ಟರಸಿ ಹೊರಗೆ ಹೋಗಲಿಲ್ಲ. ಬಿಸಿಲು ಬಂದ ದಿನ ಶಾಲೆಯಿಂದ ಬಂದವಳೇ ಹಿತ್ತಿಲಿಗೆ ಓಡಿದಳು. ಮರದ ತುಂಬ ನಸುಗೆಂಪು ಚಿಗುರು. ಬೆಳಕು ಅದರೊಳಗಿಂದ ಸೋಸಿ ಬರುತ್ತಿತ್ತು. ಉಯ್ಯಾಲೆ ಖಾಲಿ ತೂಗುತ್ತಿತ್ತು.

ಅವಳು ಓಡುತ್ತಲೇ ಬಂದು, ಗಡಿಕಲ್ಲಿನ ಬಳಿ ಗಕ್ಕನೆ ನಿಂತಳು. ಒಂದು ಕಾಲು ಎತ್ತಿದ್ದಳು, ಅದನ್ನು ಮೆಲ್ಲಗೆ ಹಿಂದಕ್ಕೆ ಇಟ್ಟಳು. ಕೆದರಿದ ಕೂದಲು ಸರಿಮಾಡಿಕೊಂಡಳು.

"ಒಳಗೆ ಬರಲಾ?" ಎಂದು ಕೇಳಿದಳು.

ಮರ ಏನೂ ಹೇಳಲಿಲ್ಲ. ಅವಳಿಗೆ ಅವಸರವಿರಲಿಲ್ಲ. ಕಲ್ಲಿನ ಈಚೆಗೆ, ಒದ್ದೆ ಹುಲ್ಲಿನ ಮೇಲೆ ಕೂತು ಕಾದಳು.